ಮಾರ್ಥಳ ಮನೆಯ ಕತ್ತೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಸೋಮವಾರ, ಬಚ್ಚಲಿನಲ್ಲಿ ಒಂದು ಬಕೆಟ್ ಕಣ್ಣಿಗೆ ಬಿತ್ತು. ಒಳಗೆ ನನ್ನ ಗಂಡನ ಕೆಲಸದ ಬಟ್ಟೆ. ಅವನು ಸತ್ತ ದಿನ ಬೆಳಿಗ್ಗೆ ನಾನೇ ನೆನೆಹಾಕಿದ್ದೆ. ಐದು ದಿನ ಮನೆ ತುಂಬ ಜನ ಆ ಬಕೆಟನ್ನು ಅತ್ತ ಇತ್ತ ಸರಿಸಿ ಸ್ನಾನ ಮಾಡಿದ್ದರು. ಮುಚ್ಚಳ ತೆಗೆದು ನೋಡಿದವರಿಲ್ಲ. ನೀರು ಕಪ್ಪಾಗಿ ನಾರುತ್ತಿತ್ತು.

ಅವನು ಲಿಫ್ಟ್ ರಿಪೇರಿಯವನು. ವಯಸ್ಸು ಮೂವತ್ತಮೂರು. ಆರನೇ ಮಹಡಿಯಲ್ಲಿ ಕೆಲಸ ಮುಗಿಸಿ, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಕೇಳಿದವರಿಗೆಲ್ಲ ಇಷ್ಟೇ ಹೇಳಿದ್ದೇನೆ.

ಬಟ್ಟೆ ಒಗೆದೆ. ಹಿಂಡಿ ಹಗ್ಗದ ಮೇಲೆ ಹಾಕಿದೆ. ಗ್ರೀಸಿನ ಕಲೆ ಹಾಗೇ ಇತ್ತು. ಮತ್ತೆ ತೆಗೆದು ಇನ್ನೊಮ್ಮೆ ಒಗೆದೆ.

"ಅತ್ತಿಗೆ, ಬಚ್ಚಲು ಬಿಡ್ತೀರಾ? ನನಗೆ ಏಳೂವರೆ ಬಸ್ಸು," ಎಂದಳು ಗುಬ್ಬಿ ಬಾಗಿಲ ಹೊರಗಿನಿಂದ. ಅವಳು ನನ್ನ ನಾದಿನಿ. ಇಪ್ಪತ್ತೆರಡು ವರ್ಷ, ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಹುಟ್ಟಿದಾಗ ಅಂಗೈಯಷ್ಟೇ ಇದ್ದಳಂತೆ, ಹೆಸರು ಹಾಗೇ ಉಳಿದಿದೆ.

ಅಡುಗೆಮನೆಯಲ್ಲಿ ಬ್ರೆಡ್ ಬಿಸಿ ಮಾಡಿದೆ, ಮೊಟ್ಟೆ ಬೇಯಿಸಿದೆ. ಅತ್ತೆ ಕಿಟಕಿಯ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವರ ಎಡಗಣ್ಣು ಹೋಗಿ ಎರಡು ವರ್ಷ. ಬಲಗಣ್ಣಿಗೆ ಪೊರೆ ಬಂದು ಬೆಳಕು ನೆರಳು ಮಾತ್ರ ಕಾಣುತ್ತದೆ. ಆದರೂ ಅವರು ಸುಲಿದ ಬೆಳ್ಳುಳ್ಳಿಯಲ್ಲಿ ಒಂದು ಸಿಪ್ಪೆ ಸಿಗುವುದಿಲ್ಲ. ಮುಂದಿನ ಕೋಣೆಯಿಂದ ಮಾವ ಕೈ ಒರೆಸಿಕೊಳ್ಳುತ್ತ ಬಂದರು. ಅಂಗಡಿಗಳ ತಕ್ಕಡಿ ರಿಪೇರಿ ಅವರ ಕಸುಬು. ಅವರ ಕೈಯಿಂದ ಹೋದ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ.

ಎಲ್ಲರೂ ಕೂತೆವು. ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳುವುದು ಈ ಮನೆಯಲ್ಲಿ ಯಾವಾಗಲೂ ಅತ್ತೆ. ಮೂವರೂ ತಲೆ ತಗ್ಗಿಸಿದೆವು. ಅತ್ತೆ ಬಾಯಿ ತೆರೆಯಲಿಲ್ಲ. ಬೆರಳಿನಿಂದ ತಟ್ಟೆಯ ಅಂಚು ಸವರುತ್ತ ಕೂತರು. ಟೀ ಮೇಲೆ ಕೆನೆ ಕಟ್ಟಿತು. ಕೊನೆಗೆ ಮಾವ ಕೆಮ್ಮಿ ಬ್ರೆಡ್ ಮುರಿದರು.

ಗುಬ್ಬಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಅದರಲ್ಲಿ ಇಪ್ಪತ್ತೊಂದನೇ ತಾರೀಕಿಗೆ ಅವನು ಪೆನ್ಸಿಲಿನಿಂದ ಒಂದು ಕಣ್ಣು ಬರೆದಿದ್ದ. ರೆಪ್ಪೆ ಸಮೇತ.

"ಅಮ್ಮ, ಇಪ್ಪತ್ತೊಂದಕ್ಕೆ ನಿನ್ನ ಆಪರೇಷನ್. ನಾನು ರಜೆ ಕೇಳಿದೀನಿ."

"ರಜೆ ವಾಪಸ್ ಕೊಡು."

"ಯಾಕೆ?"

"ಯಾರನ್ನ ನೋಡೋಕೆ ಕಣ್ಣು?"

"ನನ್ನ ನೋಡೋಕೆ."

"ನಿನ್ನ ಇಪ್ಪತ್ತೆರಡು ವರ್ಷ ನೋಡಿದೀನಿ. ಸಾಕಾಗಿದೆ."

"ಡಾಕ್ಟರು ಹೇಳಿದ್ದು ಮರೆತೆಯಾ?" ಎಂದರು ಮಾವ. "ಪೊರೆ ಗಟ್ಟಿಯಾಗ್ತಿದೆ, ಈ ಕಣ್ಣು ಕಾಯಲ್ಲ ಅಂದ್ರು. ಈ ಸರದಿ ತಪ್ಪಿದ್ರೆ ಮುಂದಿನದು ಮುಂದಿನ ವರ್ಷ. ಆಗ ಮಾಡಿಸಿದ್ರೂ ಒಂದೇ, ಬಿಟ್ರೂ ಒಂದೇ."

"ಹಾಗಾದ್ರೆ ಬಿಡಿ."

ಗುಬ್ಬಿ ಮೊಟ್ಟೆ ಅರ್ಧಕ್ಕೆ ಬಿಟ್ಟು ಎದ್ದಳು. ನಾನು ಮೇಜು ಒರೆಸಿದೆ. ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿದೆ. ಆಮೇಲೆ ಕೆಲಸಕ್ಕೆ ಹೋದೆ.

ನಾನು ಎಂ.ಎ. ಓದಿದವಳು. ಒಂದು ಅಚ್ಚುಮನೆಯಲ್ಲಿ ಕರಡು ತಿದ್ದುತ್ತೇನೆ. ಬೇರೆಯವರು ಬರೆದದ್ದರಲ್ಲಿ ತಪ್ಪಿದ್ದರೆ ಗುರುತು ಹಾಕುವುದು ಅಷ್ಟೇ. ನನ್ನದೊಂದು ಅಕ್ಷರ ಸೇರಿಸುವಂತಿಲ್ಲ. ಆ ವಾರ ಅಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಅದು ಅನುಕೂಲವಾಗಿತ್ತು. ಬರುವಾಗ ಬಸ್ಸಿನಲ್ಲಿ ಕೂರಲಾಗದೆ ಎರಡು ಸ್ಟಾಪ್ ಮುಂಚೆ ಇಳಿದು ನಡೆಯುತ್ತಿದ್ದೆ.

ಮುಂದಿನ ವಾರ ಟೀಚರಮ್ಮ ಬಂದರು. ರಿಟೈರಾದವರು. ನಮ್ಮ ಚರ್ಚಿನ ಹೆಂಗಸರ ಓದುವ ಬಳಗ ನಡೆಸುತ್ತಾರೆ. ಒಂದು ಮರದ ಪೆಟ್ಟಿಗೆಯಲ್ಲಿ ಅರವತ್ತು ಪುಸ್ತಕ. ಎಲ್ಲವೂ ಸತ್ಯವೇದದ ಹೆಂಗಸರನ್ನು ಕುರಿತ ಕಾದಂಬರಿಗಳು. ಸಾರಾ, ಹಾಗರ, ಲೇಯಾ, ಎಸ್ತೇರ್, ಮಾರ್ಥ. ಪ್ರತಿ ಪುಸ್ತಕದ ಹಿಂದೆ ಗೆರೆ ಎಳೆದ ಒಂದು ಹಾಳೆ ಅಂಟಿಸಿರುತ್ತದೆ. ತೆಗೆದುಕೊಂಡವರು, ಹಿಂತಿರುಗಿಸಿದವರು, ಈ ಕಥೆಯಿಂದ ನನ್ನ ವಿಶ್ವಾಸಕ್ಕೆ ಸಿಕ್ಕ ಪಾಠ ಎಂದು ಮೂರು ಕಾಲಂ. ಪಾಠ ಬರೆಯದೆ ಕೊಟ್ಟರೆ ಟೀಚರಮ್ಮ ಪುಸ್ತಕ ಮುಟ್ಟುವುದಿಲ್ಲ.

ಅತ್ತೆಗೆ ಓದಲಾಗದ ಮೇಲೆ ಅವರ ಬದಲು ಮಗ ಹೋಗಿ ತರುತ್ತಿದ್ದ. ಹೆಂಗಸರ ಬಳಗದಲ್ಲಿ ಅವನೊಬ್ಬನೇ ಗಂಡಸು. ಸಂಜೆ ಕೆಲಸದಿಂದ ಬಂದು, ಕೈ ತೊಳೆದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಆ ಹೊತ್ತಿಗೆ ನಾನಿನ್ನೂ ಬಸ್ಸಿನಲ್ಲಿರುತ್ತಿದ್ದೆ.

ಟೀಚರಮ್ಮ ಅತ್ತೆಯ ಕೈ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದರು. ಏಳುವಾಗ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಮಾರ್ಥಳ ಪುಸ್ತಕ ಇಲ್ಲೇ ಇದೆ ಅಲ್ವಾ? ಅವಸರ ಏನಿಲ್ಲಮ್ಮ. ಇಬ್ಬರು ಕಾಯ್ತಾ ಇದಾರೆ, ಅಷ್ಟೇ."

ಮೆಲ್ಲಗೆ ಹೇಳಿದ್ದು ಅತ್ತೆಗೆ ಕೇಳಿಸಿತು. "ಅದು ಇನ್ನೂ ಮುಗಿದಿಲ್ಲ," ಎಂದರು.

ಹೊರಗೆ ಹೊರಟಿದ್ದ ಗುಬ್ಬಿ ಬಾಗಿಲಲ್ಲೇ ತಿರುಗಿ ನಿಂತಳು. "ಮುಗಿದ್ರೆ ಆಸ್ಪತ್ರೆಗೆ ಬರ್ತೀಯಾ?"

"ಓದೋರು ಯಾರು?"

"ಅತ್ತಿಗೆ ಓದ್ತಾರೆ. ಮುಗಿದ್ರೆ ಬರ್ತೀಯಾ? ಟೀಚರಮ್ಮನ ಮುಂದೆ ಹೇಳು."

ಅತ್ತೆ ಟೀಚರಮ್ಮ ಇದ್ದ ಕಡೆ ತಿರುಗಿದರು. "ಮುಗಿದ್ರೆ ಬರ್ತೀನಿ."

ನನ್ನನ್ನು ಯಾರೂ ಕೇಳಲಿಲ್ಲ. ಇಪ್ಪತ್ತೊಂದಕ್ಕೆ ಹನ್ನೊಂದು ದಿನ ಇತ್ತು.

ಪುಸ್ತಕದ ನಡುವೆ ಅವನು ಗುರುತಿಗೆ ಇಟ್ಟಿದ್ದು ಲಿಫ್ಟಿನ ಬಾಗಿಲಿಗೆ ನೇತುಹಾಕುವ ಕೆಂಪು ಚೀಟಿ. 'ದುರಸ್ತಿಯಲ್ಲಿದೆ, ಬಳಸಬೇಡಿ.' ಅಲ್ಲಿಂದ ಮುಂದಕ್ಕೆ ಐವತ್ತು ಪುಟ. ಅಚ್ಚುಮನೆಯಲ್ಲಿ ಕೇಳಿಕೊಂಡು ಒಂದು ಗಂಟೆ ಮುಂಚೆ ಬಿಟ್ಟು ಬಂದು ಹೊಸ್ತಿಲ ಮೇಲೆ ಕೂತೆ.

ಮಾರ್ಥಳ ಕಥೆ ಗೊತ್ತಿರುವುದೇ. ಅಕ್ಕ ಮಾರ್ಥ, ತಂಗಿ ಮರಿಯ, ತಮ್ಮ ಲಾಜರ. ಯೇಸು ಮನೆಗೆ ಬಂದಾಗ ತಂಗಿ ಅವನ ಕಾಲ ಬಳಿ ಕೂತು ಮಾತು ಕೇಳುತ್ತಾಳೆ, ಅಕ್ಕ ಅಡುಗೆಮನೆಯಲ್ಲಿ ಒದ್ದಾಡುತ್ತಾಳೆ. ಆಮೇಲೆ ತಮ್ಮ ಸಾಯುತ್ತಾನೆ. ಹೇಳಿ ಕಳಿಸಿದರೂ ಯೇಸು ತಡವಾಗಿ ಬರುತ್ತಾನೆ, ನಾಲ್ಕನೇ ದಿನಕ್ಕೆ. ಬಂದು ಸತ್ತವನನ್ನು ಎಬ್ಬಿಸುತ್ತಾನೆ. ನನ್ನ ಗಂಡ ಗುರುತಿಟ್ಟಿದ್ದ ಕಡೆ ಲಾಜರನಿಗೆ ಜ್ವರ ಏರಿತ್ತು.

ಎರಡು ಪುಟ ಓದಿದೆ. ಅತ್ತೆ ಅವರೆಕಾಳು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಕತ್ತೆ ಎಲ್ಲಿ?"

"ಯಾವ ಕತ್ತೆ ಅತ್ತೆ?"

"ಮಾರ್ಥಳ ಮನೆ ಕತ್ತೆ ಕಣೇ. ಪಕ್ಕದ ಕುಂಬಾರನದು. ಒಂದು ಕಿವಿ ಮಡಿಚಿರೋದು. ಅಡುಗೆ ಹೊತ್ತಿಗೆ ಸರಿಯಾಗಿ ಬಾಗಿಲಿಂದ ತಲೆ ಹಾಕುತ್ತೆ. ಇವಳು ಸೌಟು ತಗೊಂಡು ಓಡಿಸ್ತಾಳೆ, ಆಮೇಲೆ ತಾನೇ ಕರೆದು ರೊಟ್ಟಿ ಅಂಚು ಕೊಡ್ತಾಳೆ."

ನಾನು ಪುಟ ತಿರುಗಿಸಿದೆ. "ಇಲ್ಲಿ ಬರಲ್ಲ."

"ಪ್ರತಿ ಅಧ್ಯಾಯದಲ್ಲೂ ಬರುತ್ತೆ. ನೀನು ಹಾರಿಸ್ತಿದೀಯ."

"ನಾನು ಒಂದಕ್ಷರ ಹಾರಿಸಿಲ್ಲ ಅತ್ತೆ."

ಮುಂದಿನ ಕೋಣೆಯಿಂದ ಮಾವನ ದನಿ ಬಂತು. "ವೇದದಲ್ಲಿ ಮಾರ್ಥಳ ಬಗ್ಗೆ ಇರೋದೇ ಒಂದು ಹಿಡಿ ಮಾತು. ಇವರು ಇನ್ನೂರು ಪುಟ ಎಲ್ಲಿಂದ ತಂದ್ರೋ. ಅದರ ಮೇಲೊಂದು ಕತ್ತೆ ಬೇರೆ. ಇದಕ್ಕೇ ನಾನು ಕಲಬೆರಕೆ ಅನ್ನೋದು."

"ಹಿಟ್ಟಿಗೆ ನೀರು ಹಾಕಿದ್ರೆ ಕಲಬೆರಕೆ ಏನ್ರೀ? ರೊಟ್ಟಿ ಆಗುತ್ತೆ," ಎಂದರು ಅತ್ತೆ. ಮಗ ಹೋದ ಮೇಲೆ ಅವರು ಗಂಡನಿಗೆ ಮೊದಲಿನ ಹುರುಪಿನಲ್ಲಿ ಎದುರು ಮಾತಾಡಿದ್ದು ಅದೇ ಮೊದಲು.

ಮರುದಿನ ಪುಸ್ತಕವನ್ನು ಅಚ್ಚುಮನೆಗೆ ಒಯ್ದೆ. ಊಟದ ಹೊತ್ತಿನಲ್ಲಿ, ಕರಡು ನೋಡುವಂತೆ, ಮೊದಲ ಸಾಲಿನಿಂದ ಕಡ್ಡಿ ಹಿಡಿದು ನೋಡಿದೆ. ಎರಡು ದಿನ ಹಿಡಿಯಿತು. ಕುರಿ ಇತ್ತು, ಪಾರಿವಾಳ ಇತ್ತು, ಒಂದು ಕಡೆ ಒಂಟೆ ಇತ್ತು. ಕತ್ತೆ ಇರಲಿಲ್ಲ.

ಸತ್ತವನು ಏಳುವ ಅಧ್ಯಾಯವನ್ನೂ ಹಾಗೇ ಓದಿದೆ. ಅದರಲ್ಲಿ ಮಾರ್ಥ ತಮ್ಮನಿಗೆ ಸುತ್ತಿದ್ದ ಬಟ್ಟೆಯನ್ನು ಒಗೆದು ಒಣಗಿಸುತ್ತಾಳೆ. ಒಳ್ಳೆಯ ನಾರುಬಟ್ಟೆ, ಎಸೆಯುವುದು ಯಾಕೆ ಎಂದು. ಅಲ್ಲಿಗೆ ಪುಸ್ತಕ ಮುಚ್ಚಿ ಎದ್ದು ನೀರು ಕುಡಿದು ಬಂದೆ. ನನ್ನ ಹಗ್ಗದ ಮೇಲಿನ ಬಟ್ಟೆ ಯಾರು ಹಾಕಿಕೊಳ್ಳಬೇಕು.

ಹಿಂದಿನ ಹಾಳೆ ನೋಡಿದೆ. ಒಂಬತ್ತು ಹೆಂಗಸರು ಒಂಬತ್ತು ಪಾಠ ಬರೆದಿದ್ದರು. ದುಡಿಯುವುದಕ್ಕಿಂತ ಆಲಿಸುವುದು ದೊಡ್ಡದು. ಗೊಣಗದೆ ಸೇವೆ ಮಾಡಬೇಕು. ದೇವರ ಸಮಯವೇ ಸರಿಯಾದ ಸಮಯ. ಮಾರ್ಥಳಿಗೆ ಊಟ ಆಯಿತೇ ಎಂದು ಒಬ್ಬರೂ ಕೇಳಿರಲಿಲ್ಲ. ಹತ್ತನೇ ಸಾಲಿನಲ್ಲಿ ಅವನ ಸಹಿ, ತೆಗೆದುಕೊಂಡ ತಾರೀಕು. ಮುಂದಿನ ಎರಡು ಕಾಲಂ ಖಾಲಿ.

ಆ ಸಂಜೆ ಗುಬ್ಬಿಯನ್ನು ಕೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಅದು ಅಣ್ಣ ಸೇರಿಸಿದ್ದು ಅತ್ತಿಗೆ. ನಿಮಗೆ ಗೊತ್ತಿರಲಿಲ್ವಾ? ಅಮ್ಮ ಒಂದು ಸಲ ಓದೋವಾಗ ನಿದ್ದೆ ಹೋದ್ಲು, ಎಬ್ಬಿಸೋಕೆ ಅಂತ ಕತ್ತೆ ಥರ ಕಿರುಚಿದ. ಅಮ್ಮ ಎಷ್ಟು ನಕ್ಕಳು ಅಂದ್ರೆ, ಆಮೇಲೆ ದಿನಾ ಕತ್ತೆ ಬಂತು."

"ಅವರಿಗೆ ಹೇಳಬೇಕು."

"ಏನಂತ? ನಿನ್ನ ಮಗ ನಿನಗೆ ಸುಳ್ಳು ಓದ್ತಿದ್ದ ಅಂತಲಾ? ಒಂದು ಕತ್ತೆ ಸೇರಿಸೋಕೆ ಏನು ಗಂಟು ಹೋಗುತ್ತೆ ನಿಮಗೆ?"

"ನನಗೆ ಬರಲ್ಲ ಗುಬ್ಬಿ."

"ಪ್ರಯತ್ನ ಮಾಡಿ."

"ಬರಲ್ಲ ಅಂದೆನಲ್ಲ. ಇಲ್ಲದ್ದನ್ನ ಹೇಗೆ ಓದಲಿ? ಅದೂ ಆ ಅಧ್ಯಾಯ. ಅವಳ ತಮ್ಮ ಎದ್ದು ಬರ್ತಾನೆ. ಎದ್ದು ಬಂದು ಊಟ ಮಾಡ್ತಾನೆ. ಅದನ್ನ ನಾನು ನಿಮ್ಮಮ್ಮನ ಮುಂದೆ ಕೂತು ಓದಬೇಕಾ?"

ಗುಬ್ಬಿ ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. "ಅಣ್ಣ ನನಗೂ ಅಣ್ಣನೇ ಅತ್ತಿಗೆ," ಎಂದಳು. "ಅಮ್ಮನಿಗೆ ಕಣ್ಣು ಹೋದ್ರೆ ಈ ಮನೇಲಿ ಇನ್ನೊಬ್ರನ್ನ ಕಳ್ಕೊಂಡ ಹಾಗೆ. ನನಗೆ ಆಗಲ್ಲ."

ನಾನು ಮೂರು ಸಂಜೆ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದೆ. ಲಾಜರ ಸತ್ತ. ಅತ್ತೆ ಎರಡು ಬಾರಿ ಕತ್ತೆ ಕೇಳಿದರು. ಮೂರನೇ ಸಂಜೆ ಕೇಳಲಿಲ್ಲ.

"ಸಾಕು, ಮುಚ್ಚು," ಎಂದರು. "ಮೊದಲು ಈ ಮನೇಲಿ ತಕ್ಕಡಿ ಹಿಡಿದು ಮಾತಾಡೋರು ಒಬ್ರಿದ್ರು. ಈಗ ಇಬ್ರಾದ್ರು."

ಅದಾದ ಮೇಲೆ ನಾಲ್ಕು ಸಂಜೆ ಓದು ಇಲ್ಲ. ಊಟದ ಮುಂಚೆ ಪ್ರಾರ್ಥನೆಯೂ ಇಲ್ಲ. ಹತ್ತೊಂಬತ್ತನೇ ತಾರೀಕು ಆಸ್ಪತ್ರೆಯಿಂದ ಫೋನ್ ಬಂತು, ಬರುತ್ತೀರೋ ಇಲ್ಲವೋ, ಇಲ್ಲದಿದ್ದರೆ ಸರದಿ ಬೇರೆಯವರಿಗೆ ಕೊಡುತ್ತೇವೆ ಎಂದು. ಗುಬ್ಬಿ ಬರುತ್ತೇವೆ ಎಂದಳು. ಅತ್ತೆ ಬರುವುದಿಲ್ಲ ಎಂದರು. ಫೋನಿನ ಆ ತುದಿಯವರು ನೀವೇ ತೀರ್ಮಾನ ಮಾಡಿಕೊಂಡು ನಾಳೆ ಹೇಳಿ ಎಂದು ಇಟ್ಟರು.

ಇಪ್ಪತ್ತನೇ ತಾರೀಕು ಸಂಜೆ ಐದಕ್ಕೆ ನಾನು ಹೊಸ್ತಿಲ ಮೇಲೆ ಕೂತೆ. ಯಾರೂ ಕರೆಯಲಿಲ್ಲ. ಅತ್ತೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಹಾಗೇ ಪುಸ್ತಕ ತೆಗೆದು ಓದತೊಡಗಿದೆ.

ನಾಲ್ಕು ದಿನ ಆಗಿದೆ. ಮನೆ ತುಂಬ ಜನ. ಯೇಸು ಊರ ಹೊರಗೆ ಬಂದಿದ್ದಾನೆ ಎಂದು ಸುದ್ದಿ. ಮರಿಯ ಒಳಗೇ ಕೂತಿದ್ದಾಳೆ. ಮಾರ್ಥ ಎದ್ದು ದಾರಿಗೆ ಹೋಗುತ್ತಾಳೆ, ಎದುರಿಗೆ ನಿಂತು ಹೇಳುತ್ತಾಳೆ, ನೀನು ಬರಲಿಲ್ಲ, ಬಂದಿದ್ದರೆ ಅವನು ಸಾಯುತ್ತಿರಲಿಲ್ಲ ಎಂದು.

"ನಿಲ್ಲು," ಎಂದರು ಅತ್ತೆ. "ಬೈದಳು."

"ಹೂಂ."

"ಬೈದಳು, ಆದ್ರೆ ಎದುರಿಗೆ ಹೋಗಿ ಬೈದಳು. ಮನೇಲಿ ಕೂತು ಮುಖ ಊದಿಸ್ಕೊಳ್ಳಲಿಲ್ಲ." ಚಾಕು ಹಿಡಿದ ಕೈ ಹಾಗೇ ನಿಂತಿತ್ತು. "ಮುಂದೆ ಓದು."

ಸಮಾಧಿಯ ಕಲ್ಲಿನವರೆಗೂ ಓದಿದೆ. ಅಲ್ಲಿ ದನಿ ನಿಂತಿತು. ಕಣ್ಣ ಮುಂದೆ ಸಾಲು ಇತ್ತು, ತಪ್ಪಿಲ್ಲದೆ ಅಚ್ಚಾಗಿತ್ತು. ಬಾಯಿಗೆ ಬರಲಿಲ್ಲ. ಅತ್ತೆ ಕಾದರು. ಒಲೆಯ ಮೇಲೆ ನೀರು ಕುದಿದು ಮುಚ್ಚಳ ಕುಣಿಯಿತು. ಎದ್ದು ಒಲೆ ಆರಿಸಿ ಬಂದು ಕೂತೆ. ಆಗಲೂ ಬರಲಿಲ್ಲ.

ಮುಂದಿನ ಕೋಣೆಯಲ್ಲಿ ತಕ್ಕಡಿಯ ಸದ್ದು ನಿಂತಿತ್ತು.

"ಆಗ ಕತ್ತೆ ಎಲ್ಲಿತ್ತು?" ಎಂದು ಮಾವ ಕೇಳಿದರು.

ನಾವಿಬ್ಬರೂ ಆ ಕಡೆ ತಿರುಗಿದೆವು. ಇಷ್ಟು ತಿಂಗಳು ಕಲಬೆರಕೆ ಎಂದು ಗೊಣಗುತ್ತ, ಗೋಡೆಯ ಆಚೆ ಕೂತು ಒಂದು ದಿನವೂ ತಪ್ಪದೆ ಅವರು ಕತ್ತೆಯ ಕಥೆ ಕೇಳಿದ್ದರು.

ನಾನು ಪುಸ್ತಕ ಮಡಿಲಿಗೆ ಇಳಿಸಿದೆ.

"ಅಡುಗೆಮನೆ ಬಾಗಿಲ ಹತ್ರ ಇತ್ತು," ಎಂದೆ. "ನಾಲ್ಕು ದಿನದಿಂದ ಒಲೆ ಹಚ್ಚಿರಲಿಲ್ಲ. ಬಂದೋರೆಲ್ಲ ಅಳೋಕೆ ಬಂದೋರು, ಬಾಗಿಲು ಯಾರು ತೆಗೀತಾರೆ. ಅದು ದಿನಾ ಹೊತ್ತಿಗೆ ಸರಿಯಾಗಿ ಬಂದು ಬಾಗಿಲಿಗೆ ಹಣೆ ಒತ್ತಿ ನಿಲ್ತಿತ್ತು. ಸೌಟು ಹಿಡ್ಕೊಂಡು ಯಾರೂ ಯಾಕೆ ಓಡಿಸೋಕೆ ಬರ್ತಿಲ್ಲ ಅಂತ ಕಾಯ್ತಿತ್ತು."

"ಆಮೇಲೆ?"

"ಮಾರ್ಥ ದಾರಿಗೆ ಹೋಗಿ ಬೈದು ಬಂದಳಲ್ಲ, ತಂಗಿನ ಕರೆಯೋಕೆ ಮನೆಗೆ ಬಂದಾಗ ಅದನ್ನ ನೋಡಿದಳು. ಇನ್ನೂ ಕಲ್ಲು ಸರಿಸಿರಲಿಲ್ಲ. ತಮ್ಮ ಒಳಗೇ ಇದ್ದ. ಮುಂದೆ ಏನಾಗುತ್ತೆ ಅಂತ ಅವಳಿಗೇನು ಗೊತ್ತು. ಬಾಗಿಲು ತೆಗೆದಳು. ಒಣಗಿದ ರೊಟ್ಟಿ ಇತ್ತು. ನೀರಲ್ಲಿ ನೆನೆಸಿ ಅದಕ್ಕೆ ಹಾಕಿದಳು. ಅದು ತಿಂದು ಮುಗಿಸೋ ತನಕ ನಿಂತಿದ್ದಳು. ಆಮೇಲೆ ಸಮಾಧಿ ಹತ್ರ ಹೋದಳು."

ಮುಂದಿನ ಕೋಣೆಯಲ್ಲಿ ತೂಕದ ಕಲ್ಲೊಂದನ್ನು ತಟ್ಟೆಗೆ ಇಟ್ಟ ಸದ್ದು ಬಂತು. "ಸರಿಯಾಗಿದೆ," ಎಂದರು ಮಾವ. ತಕ್ಕಡಿಗೆ ಹೇಳಿದರೋ ನನಗೋ.

ಉಳಿದ ಪುಟಗಳನ್ನು ಓದಿದೆ. ಸತ್ತವನು ಎದ್ದು ಬಂದ. ಅವನ ಬಟ್ಟೆ ಒಗೆದು ಹಾಕಿದರು. ಅವನು ಊಟಕ್ಕೆ ಕೂತ. ನಮ್ಮವನು ಬರಲಿಲ್ಲ, ಬರುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಅಲ್ಪವಿರಾಮಕ್ಕೆ ನಿಂತು, ಪೂರ್ಣವಿರಾಮಕ್ಕೆ ನಿಂತು, ಕೊನೆಯವರೆಗೂ ಓದಿದೆ. ಎದ್ದಾಗ ನನ್ನ ಕಾಲು ಮರಗಟ್ಟಿತ್ತು.

ಗುಬ್ಬಿ ಬಂದ ಮೇಲೆ ಊಟಕ್ಕೆ ಕೂತೆವು. ಆಲೂಗಡ್ಡೆ, ಬ್ರೆಡ್. ಅಭ್ಯಾಸದಂತೆ ತಲೆ ತಗ್ಗಿಸಿದೆವು, ಅಭ್ಯಾಸದಂತೆ ಎತ್ತಲು ಹೊರಟೆವು. ಆಗ ಅತ್ತೆ ಬಾಯಿ ತೆರೆದರು.

"ತಡ ಮಾಡಿದೆ ನೀನು," ಎಂದರು. ಕೋಪದ ದನಿ. ನನಗೆ ಅಂದರೇನೋ ಎಂದುಕೊಂಡೆ. "ತುಂಬಾ ತಡ ಮಾಡಿದೆ. ನನ್ನ ಕೋಪ ಹೋಗಿಲ್ಲ. ಆದ್ರೂ ಬಾ. ಊಟಕ್ಕೆ ಕೂತಿದೀವಿ. ಆಮೆನ್."

ಗುಬ್ಬಿ ಆಮೆನ್ ಎನ್ನುವುದನ್ನೂ ಮರೆತು ಅವರನ್ನೇ ನೋಡಿದಳು.

"ಏನು ನೋಡ್ತೀಯ?" ಎಂದರು ಅತ್ತೆ.

"ನೋಡ್ತಿದೀನಿ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಚಮಚದ ಸದ್ದಿಲ್ಲ. ತಿನ್ನು. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು?"

ಆಪರೇಷನ್ ಇಪ್ಪತ್ತು ನಿಮಿಷ. ಕಾಯುವುದು ಐದು ಗಂಟೆ. ಗುಬ್ಬಿ ಬೇರೆಯವರು ಸೂಜಿ ಚುಚ್ಚುವುದನ್ನು ನೋಡಿ ತಪ್ಪು ಹೇಳುತ್ತ ಓಡಾಡಿದಳು. ಮಾವ ಒಂದೇ ಬೆಂಚಿನಲ್ಲಿ ಕೂತು, ಗೋಡೆಯ ಗಡಿಯಾರ ಮೂರು ನಿಮಿಷ ಹಿಂದಿದೆ ಎಂದು ನಾಲ್ಕು ಸಲ ಹೇಳಿದರು. ಮರುದಿನ ಪಟ್ಟಿ ಬಿಚ್ಚಿದರು.

ಅತ್ತೆ ಮೊದಲು ನೋಡಿದ್ದು ನನ್ನ ಮುಖ. ಬಹಳ ಹೊತ್ತು ನೋಡಿದರು. "ಇಷ್ಟು ಇಳಿದಿದೀಯ," ಎಂದರು. ಮನೆಗೆ ಬಂದು ಕಪಾಟಿನ ಮೇಲಿನ ಧೂಳು ನೋಡಿ ಗುಬ್ಬಿಗೆ ಬೈದರು. ಕ್ಯಾಲೆಂಡರಿನ ಮುಂದೆ ನಿಂತು ಆ ಪೆನ್ಸಿಲಿನ ಕಣ್ಣನ್ನು ಬೆರಳಿನಿಂದ ಮುಟ್ಟದೆ, ಹತ್ತಿರದಿಂದ ನೋಡಿದರು.

ನಾಲ್ಕನೇ ದಿನ ಮಾರ್ಥಳ ಪುಸ್ತಕ ತೆಗೆದುಕೊಂಡು ಕಿಟಕಿಗೆ ಹಿಡಿದರು. "ಅಕ್ಷರ ಇರುವೆ ಥರ ಓಡಾಡ್ತಿವೆ. ಇನ್ನೊಂದು ವಾರ ಹೋಗಲಿ. ನಾನೇ ಮೊದಲಿಂದ ಓದ್ತೀನಿ."

ನನ್ನ ಕೈಯಲ್ಲಿದ್ದ ಲೋಟ ತೊಳೆದದ್ದೇ. ಮತ್ತೆ ತೊಳೆದೆ.

ಮರುದಿನ ಬೆಳಿಗ್ಗೆ ಪುಸ್ತಕವನ್ನು ಚೀಲಕ್ಕೆ ಹಾಕಿ, ಮೇಲೆ ಊಟದ ಡಬ್ಬಿ ಇಟ್ಟು, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಅತ್ತೆಗೆ ಈಗ ಕಣ್ಣು ಕಾಣುತ್ತದೆ ಎಂಬುದು ನೆನಪಿರಲಿಲ್ಲ.

"ಡಬ್ಬಿ ಕೆಳಗೆ ಏನದು?"

"ಪುಸ್ತಕ. ಟೀಚರಮ್ಮನಿಗೆ ಕೊಟ್ಟು ಬರ್ತೀನಿ. ಕಾಯ್ತಿದಾರಲ್ಲ, ಇಬ್ಬರು."

ಅವರು ನನ್ನನ್ನೇ ನೋಡಿದರು. ಆ ನೋಟ ನನಗಿನ್ನೂ ಹೊಸದು.

"ಕೊಟ್ಟು ಬಾ," ಎಂದರು. "ಕತ್ತೆನ ಇಲ್ಲೇ ಬಿಟ್ಟು ಹೋಗು."

ಚಪ್ಪಲಿ ಒಂದೇ ಕಾಲಿಗೆ ಹಾಕಿದ್ದೆ. "ನಿಮಗೆ ಗೊತ್ತಿತ್ತಾ?"

"ಸುಳ್ಳು ಹೇಳೋವಾಗ ಅವನ ದನಿ ಏರ್ತಿತ್ತು. ಎರಡು ವರ್ಷದ ಮಗು ಆದಾಗಿಂದ. ಹೆತ್ತೋಳಿಗೆ ತಿಳಿಯಲ್ವಾ?" ಬೆಳ್ಳುಳ್ಳಿಯ ಬುಟ್ಟಿ ಎಳೆದುಕೊಂಡರು. "ನಿನ್ನ ದನಿ ಏರಲಿಲ್ಲ. ಅವತ್ತು ಒಂದು ಗಳಿಗೆ ನನಗೇ ಅನುಮಾನ ಬಂತು, ನಿಜವಾಗ್ಲೂ ಬರೆದಿತ್ತೇನೋ ಅಂತ. ಹೋಗು, ಬಸ್ಸು ತಪ್ಪುತ್ತೆ."

ಟೀಚರಮ್ಮನ ಮನೆ ಎರಡು ಬೀದಿ ಆಚೆ. ಬಾಗಿಲಲ್ಲೇ ಮೇಜು ಹಾಕಿಕೊಂಡು ಪುಸ್ತಕಗಳಿಗೆ ರಟ್ಟು ಅಂಟಿಸುತ್ತಿದ್ದರು. ನಾನು ನಡುವಿನಿಂದ ಕೆಂಪು ಚೀಟಿ ತೆಗೆದು ಚೀಲದಲ್ಲಿ ಇಟ್ಟುಕೊಂಡೆ. ಪುಸ್ತಕ ಅವರ ಮುಂದಿಟ್ಟೆ. ಅವರು ಮುಟ್ಟಲಿಲ್ಲ. ಹಿಂದಿನ ಹಾಳೆ ತೆರೆದು, ಪೆನ್ನು ನನ್ನ ಕಡೆ ತಳ್ಳಿದರು.

ಹತ್ತನೇ ಸಾಲು. ತೆಗೆದುಕೊಂಡವರು ಎಂಬಲ್ಲಿ ಅವನ ಸಹಿ. ಹಿಂತಿರುಗಿಸಿದವರು ಎಂಬಲ್ಲಿ ನಾನು ಸಹಿ ಮಾಡಿದೆ. ಮೂರನೇ ಕಾಲಂನಲ್ಲಿ ಬರೆದೆ: 'ಕಲ್ಲು ಸರಿಯುವ ಮೊದಲೇ ಮಾರ್ಥಳು ಬಾಗಿಲು ತೆಗೆದು ಕತ್ತೆಗೆ ರೊಟ್ಟಿ ಹಾಕಿದಳು.'

ಟೀಚರಮ್ಮ ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು.

"ಇದರಲ್ಲಿ ಕತ್ತೆ ಇಲ್ವಲ್ಲಮ್ಮ."

"ಇಲ್ಲ," ಎಂದೆ.

"ಬೇರೆ ಯಾವುದೋ ಪುಸ್ತಕದ್ದು ಬೆರೆತಿರಬೇಕು. ಪಾಪ, ನಿನ್ನ ಮನಸ್ಸು ಎಲ್ಲಿದೆಯೋ. ಹೊಡೆದು ಹಾಕಿ ಬೇರೆ ಬರೀತೀಯಾ?"

ಪೆನ್ನು ನನ್ನ ಕೈಯಲ್ಲೇ ಇತ್ತು. ಇಲ್ಲದ್ದನ್ನು ಹೊಡೆದು ಹಾಕುವುದು ನನ್ನ ಕೆಲಸ. ಆರು ವರ್ಷದಿಂದ ಮಾಡುತ್ತಿದ್ದೇನೆ.

"ಬೇಡ," ಎಂದೆ. "ಹಾಗೇ ಇರಲಿ."